ಕೈ ಬಿಟ್ಟು ಓಡಿದವರು

ಗೇಟಿನಲ್ಲಿ ಟಿಕೆಟ್ ಹರಿದು ಕೊಡುತ್ತಿದ್ದ ಹುಡುಗಿ ತಲೆ ಎತ್ತದೆಯೇ "ಅಪ್ಪ ಒಬ್ರು, ಮಕ್ಕಳು ಇಬ್ರು, ಅಲ್ವಾ?" ಎಂದು ಕೇಳಿದಾಗ ಜಯಪ್ರಕಾಶ ಅಗತ್ಯಕ್ಕಿಂತ ದೊಡ್ಡ ಸ್ವರದಲ್ಲಿ "ಹೌದು ಹೌದು" ಎಂದುಬಿಟ್ಟ. ಒಂದು ಹೌದು ಸಾಕಿತ್ತು. ಎರಡನೆಯದು ಬಾಯಿಂದ ಬಿದ್ದ ಕೂಡಲೇ ಅದು ಕದ್ದು ಸಿಕ್ಕಿಬಿದ್ದವನ ಹೌದಿನ ಹಾಗೆ ಅವನಿಗೇ ಕೇಳಿಸಿತು. ಹನ್ನೆರಡು ವರ್ಷದ ಕೌಶಲ್ ಅದೇ ಹೊತ್ತಿಗೆ ಸರಿಯಾಗಿ ಮುಖ ತಿರುಗಿಸಿ, ದೂರದಲ್ಲಿ ತಿರುಗುತ್ತಿದ್ದ ಜೈಂಟ್ ವ್ಹೀಲನ್ನು ಮೊದಲ ಸಲ ಕಂಡವನಂತೆ ನೋಡತೊಡಗಿದ. ಕೇಳಿಸಿಕೊಂಡಿಲ್ಲ ಎಂದು ತೋರಿಸುವುದಕ್ಕೆ ಹುಡುಗ ಇಷ್ಟು ಕಷ್ಟಪಡಬೇಕಾಯಿತಲ್ಲ ಎಂದು ಜಯಪ್ರಕಾಶನಿಗೆ ನಾಚಿಕೆಯಾಯಿತು. ಏಳು ವರ್ಷದ ಪ್ರೀತಿಕಾಳಿಗೆ ಮಾತ್ರ ಇದು ಯಾವುದೂ ಬೇಕಿರಲಿಲ್ಲ. ಅವಳು ಅವನ ಅಂಗಿಯ ತುದಿ ಹಿಡಿದು ಒಳಗೆ ಎಳೆಯುತ್ತಿದ್ದಳು.

ಅಂಗಿ ಎಳೆಯುವುದು ಅವಳು ಅವನನ್ನು ಕರೆಯುವ ರೀತಿ. ಹೇಮಶ್ರೀಯನ್ನು ಅವನು ಮದುವೆಯಾಗಿ ಈ ಮನೆಗೆ ಬಂದು ಐದಾರು ತಿಂಗಳಾಗಿದ್ದರೂ ಅವಳ ಇಬ್ಬರು ಮಕ್ಕಳು ಅವನಿಗೆ ಯಾವ ಹೆಸರನ್ನೂ ಇಟ್ಟಿರಲಿಲ್ಲ. ಕೌಶಲ್ ಇದಕ್ಕೊಂದು ವ್ಯಾಕರಣವನ್ನೇ ಕಂಡುಹಿಡಿದಿದ್ದ. "ನೀರು ಬೇಕಿತ್ತು" ಎನ್ನುತ್ತಿದ್ದ, ಗೋಡೆಗೆ. "ಶಾಲೆಗೆ ತಡ ಆಯ್ತು" ಎನ್ನುತ್ತಿದ್ದ, ಗಡಿಯಾರಕ್ಕೆ. ಯಾರನ್ನೂ ಕರೆಯದೆ, ಯಾರನ್ನೂ ನೋಯಿಸದೆ ಎಷ್ಟು ಚೆಂದದ ವಾಕ್ಯಗಳು! ವರ್ಷಗಟ್ಟಲೆ ಹೈಸ್ಕೂಲಿನಲ್ಲಿ ಸಂಬೋಧನಾ ವಿಭಕ್ತಿ ಪಾಠ ಮಾಡಿದ ಕನ್ನಡ ಮಾಷ್ಟ್ರಿಗೆ ಸ್ವಂತ ಮನೆಯಲ್ಲಿ ಸಂಬೋಧನೆಯಿಲ್ಲ. ಸಹೋದ್ಯೋಗಿ ಅಶ್ವಿತ್ ಸ್ಟಾಫ್ ರೂಮಿನಲ್ಲಿ "ನಿಮ್ಮದು ರೆಡಿಮೇಡ್ ಸಂಸಾರ ಮಾರಾಯ್ರೆ, ಹೊಲಿಸುವ ಕಷ್ಟ ಇಲ್ಲ" ಎಂದಾಗ ಅವನೂ ಎಲ್ಲರೊಂದಿಗೆ ನಕ್ಕಿದ್ದ. ಅಂಗಿ ತನಗಿಂತ ಸ್ವಲ್ಪ ದೊಡ್ಡದಿದೆ, ತೋಳು ಬೆರಳು ಮುಚ್ಚುತ್ತದೆ ಎಂದು ಉತ್ತರ ಹೊಳೆದದ್ದು ರಾತ್ರಿ, ಮಲಗಿದ ಮೇಲೆ. ಅವನ ಒಳ್ಳೆಯ ಉತ್ತರಗಳೆಲ್ಲ ಹೊಳೆಯುವುದು ಹಾಗೆ. ಮೈಕಿನ ಮುಂದೆ ಮಾತ್ರ ಅವನ ನಾಲಗೆ ಎಂದೂ ತಡವರಿಸಿದ್ದಿಲ್ಲ. ಪುತ್ತೂರು ಸುಳ್ಯ ಕಡಬದ ಯಾವ ವಾರ್ಷಿಕೋತ್ಸವವಿರಲಿ, ಯಾವ ಸನ್ಮಾನವಿರಲಿ, ನಿರೂಪಣೆಗೆ ಜಯಪ್ರಕಾಶ್ ಮಾಷ್ಟ್ರೇ ಆಗಬೇಕು. ಆ ಗಂಭೀರ ಸ್ವರಕ್ಕೇ ಮರುಳಾಗಿ ಹೇಮಶ್ರೀ ತನ್ನನ್ನು ಒಪ್ಪಿದ್ದು ಎಂದು ಅವನು ಗುಟ್ಟಾಗಿ ನಂಬಿದ್ದ. ಅವಳನ್ನು ಕೇಳುವ ಧೈರ್ಯ ಮಾಡಿರಲಿಲ್ಲ, ಅಷ್ಟೆ.

ಈ ಪಾರ್ಕಿಗೆ ಬರುವ ಯೋಚನೆಯೂ ಅವನದೇ. ಹೇಮಶ್ರೀಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ, ಮಕ್ಕಳಿಗೆ ಬೇಸಿಗೆ ರಜೆ, ಸೆಕೆಗೆ ಯಾರಿಗೂ ನಿದ್ದೆಯಿಲ್ಲ. ನರಿಮೊಗರಿನಿಂದ ಆಚೆ, ಕೆಂಪುಕಲ್ಲು ಕಡಿದು ಬಿಟ್ಟ ಹಳೆಯ ಕೋರೆಯಲ್ಲಿ ಯಾರೋ ಹೊಸತಾಗಿ ಕಟ್ಟಿದ ಪಾರ್ಕು. ಅದಕ್ಕೆ ಇಂಗ್ಲಿಷಿನಲ್ಲಿ ಉದ್ದದ ಹೆಸರಿದ್ದರೂ ಊರವರ ಬಾಯಲ್ಲಿ ಅದು ಕೋರೆ ಪಾರ್ಕು. ಬೇಸಿಗೆಯಲ್ಲಿ ಮಧ್ಯರಾತ್ರಿಯವರೆಗೂ ತೆರೆದಿರುತ್ತದೆ. ಮೆಟ್ಟಿಲು ಮೆಟ್ಟಿಲಾಗಿ ಕಡಿದ ಕೆಂಪು ಗೋಡೆಗಳಿಗೆ ನೀಲಿ ಹಸಿರು ಲೈಟು ಬಿಟ್ಟಿದ್ದರು. ಫೈಬರಿನ ಡೈನೋಸಾರ್ ಒಂದು ತಲೆಯನ್ನು ಅತ್ತಿಂದಿತ್ತ ಆಡಿಸುತ್ತಾ, ಪ್ರತಿ ಸಲ ಎಡಕ್ಕೆ ಬಂದಾಗ ಕಟಕ್ ಎಂದು ಸ್ವಲ್ಪ ಹೊತ್ತು ನಿಂತು, ಏನೋ ನೆನಪಾದಂತೆ ಮತ್ತೆ ಬಲಕ್ಕೆ ಹೋಗುತ್ತಿತ್ತು. ಸ್ಟಾಫ್ ಮೀಟಿಂಗಿನಲ್ಲಿ ತಾನು ಹೀಗೆಯೇ ಕಾಣಿಸುತ್ತೇನೆ ಎಂದುಕೊಂಡ ಜಯಪ್ರಕಾಶ.

"ಕೊಲಂಬಸಿಗೆ ಹೋಗುವ ಅಂತ ಇತ್ತು," ಎಂದ ಕೌಶಲ್, ಡೈನೋಸಾರಿಗೆ. ಕೊಲಂಬಸ್ ಎಂದರೆ ತೂಗಿ ತೂಗಿ ಆಕಾಶಕ್ಕೆ ನೆಟ್ಟಗೆ ನಿಲ್ಲುವ ದೊಡ್ಡ ಹಡಗು. ಅದರಲ್ಲಿದ್ದವರ ಕಿರುಚಾಟ ಕೋರೆಯ ಗೋಡೆಗೆ ಬಡಿದು ಎರಡೆರಡು ಸಲ ಕೇಳುತ್ತಿತ್ತು. "ಹೋಗುವ, ಹೋಗುವ. ನನಗೆ ಈ ಸೊಂಟ ಒಂದು..." ಎಂದು ಜಯಪ್ರಕಾಶ ಇಲ್ಲದ ನೋವಿನ ಮೇಲೆ ಕೈಯಿಟ್ಟುಕೊಂಡ. ಹುಡುಗ ಆ ಕೈಯನ್ನು ನೋಡಿದ. ನೋವು ಬಲಗಡೆಯದೋ ಎಡಗಡೆಯದೋ ಎಂದು ತೀರ್ಮಾನವಾಗದೆ ಕೈ ಸ್ವಲ್ಪ ಅಲೆದಾಡಿತು. "ಪರ್ವಾಗಿಲ್ಲ, ಒಬ್ಬನೇ ಹೋಗ್ಲಿಕ್ಕೆ ಆಗ್ತದೆ," ಎಂದು ಹೇಳಿ ಹುಡುಗ ಸಾಲಿನಲ್ಲಿ ನಿಲ್ಲಲು ಹೋದ. ಬೆನ್ನಿನಿಂದ ನೋಡಿದರೆ ಅವನು ಮನೆಯ ಗೋಡೆಯ ಫೋಟೋದಲ್ಲಿರುವ ದೇವದಾಸನೇ. ಕೆಲಸಕ್ಕೆ ಹೋದಲ್ಲಿಯೇ ಎದೆನೋವು ಬಂದು ತೀರಿಕೊಂಡ ಮಕ್ಕಳ ಅಪ್ಪ. ಫೋಟೋದಲ್ಲಿ ಅವನು ಬೈಕಿನ ಮೇಲೆ ಕುಳಿತು ನಗುತ್ತಾನೆ. ಕೊಲಂಬಸಿನಲ್ಲಿ ಹಿಂದಿನ ತುದಿಯ ಸೀಟೇ ಬೇಕು ಎನ್ನುವ ಜಾತಿಯ ನಗು. ಸತ್ತವನೊಡನೆ ಧೈರ್ಯದಲ್ಲಿ ಸ್ಪರ್ಧೆಗೆ ನಿಲ್ಲುವಂಥ ದಡ್ಡತನವನ್ನು ಮಾಡಬಾರದು ಎಂದು ಜಯಪ್ರಕಾಶ ದಿನಕ್ಕೊಂದು ಸಲ ತನಗೆ ಹೇಳಿಕೊಳ್ಳುತ್ತಿದ್ದ. ಹೇಳಿಕೊಂಡ ಮೇಲೆ ಆ ದಿನದ ಸ್ಪರ್ಧೆಯಲ್ಲಿ ಸೋಲುತ್ತಿದ್ದ.

ಪ್ರೀತಿಕಾ ಅಂಗಿ ಎಳೆದು ಬೆರಳು ತೋರಿಸಿದ್ದು ಕಪ್ಪು ತಗಡಿನ ಒಂದು ಕಟ್ಟಡದತ್ತ. ಬಾಗಿಲಿನ ಮೇಲೆ ದೊಡ್ಡದೊಂದು ತಲೆಬುರುಡೆ, ಹಾರರ್ ಹೌಸ್ ಎಂದು ರಕ್ತ ಸುರಿಯುವ ಅಕ್ಷರಗಳು. ಅವನಿಗೆ ಸಮಾಧಾನವೇ ಆಯಿತು. ಏನಿದ್ದರೂ ಅದು ನೆಲದ ಮೇಲೆ ಇತ್ತು. "ಹೆದರಿಕೆ ಆಗ್ತದಾ ನಿನಗೆ?" "ಗೊತ್ತಿಲ್ಲ. ಒಳಗೆ ಹೋದ್ರೆ ಗೊತ್ತಾಗ್ಬಹುದು," ಎಂದಳು. ಅವನು ಅವಳ ಕೈ ಹಿಡಿದುಕೊಂಡ. ಅವಳಾಗಿ ಕೊಟ್ಟ ಕೈ. ಸಣ್ಣದು, ಬೆವರಿದ್ದು, ಐಸ್‌ಕ್ಯಾಂಡಿಯ ಅಂಟು ಇನ್ನೂ ಹೋಗದ್ದು. ಆ ಸಂತೋಷದಲ್ಲಿ ಅವನೊಳಗಿನ ನಿರೂಪಕ ಎಚ್ಚರಗೊಂಡ. "ನೋಡು ಪ್ರೀತಿ, ಇದೆಲ್ಲ ಬೊಂಬೆ. ಹಿಂದೆ ಒಂದು ಮೋಟರ್ ಇರ್ತದೆ, ಸ್ಪೀಕರ್ ಇರ್ತದೆ. ಹೆದರಿಕೆ ಅನ್ನುದು ಹೊರಗೆ ಇಲ್ಲ, ನಮ್ಮ ಮನಸ್ಸಿನಲ್ಲಿ ಇರುದು. ನಾನಿದ್ದೇನಲ್ಲ." ಬಾಗಿಲಲ್ಲಿ ನಿಂತ ಗಾರ್ಡ್ ಕೂಡ ಈ ಭಾಷಣವನ್ನು ಗೌರವದಿಂದ ಕೇಳಿಸಿಕೊಂಡು ಕಪ್ಪು ಪರದೆಯನ್ನು ಸರಿಸಿದ.

ಮೊದಲನೆಯ ಕೋಣೆಯಲ್ಲಿ ಅಸ್ಥಿಪಂಜರವೊಂದು ತೊಟ್ಟಿಲು ತೂಗುತ್ತಿತ್ತು. "ಮೋಟರ್," ಎಂದ ಜಯಪ್ರಕಾಶ. ಎರಡನೆಯದರಲ್ಲಿ ಶವದ ಪೆಟ್ಟಿಗೆಯ ಮುಚ್ಚಳ ತಾನಾಗಿಯೇ ತೆರೆದುಕೊಂಡಿತು. "ಇದೂ ಮೋಟರ್." ತನ್ನ ಸ್ವರ ಆ ಕತ್ತಲೆಯಲ್ಲಿ ಎಷ್ಟು ತುಂಬಿಕೊಂಡು ಕೇಳುತ್ತಿದೆ ಎಂದು ಅವನಿಗೆ ಹೆಮ್ಮೆಯಾಯಿತು. ಇದರಲ್ಲಿ ಹೆದರಲಿಕ್ಕೆ ಎಂತ ಉಂಟು? ಸುಳ್ಯದ ಅವನ ಮನೆಯಲ್ಲಿ ನಡುರಾತ್ರಿಯ ಕೋಲದಲ್ಲಿ ದೈವದ ಎದುರು ಕೈ ಮುಗಿದು ನಿಂತು ಬೆಳೆದವನು ಅವನು. ಆ ಕಣ್ಣಿನೆದುರು ನಿಂತ ಮೇಲೆ ತಗಡಿನ ಮನೆಯ ಪರದೇಶಿ ಪ್ರೇತಗಳು ಯಾವ ಲೆಕ್ಕ? ಇದನ್ನು ಮಗುವಿಗೆ ಅರ್ಥವಾಗುವ ಹಾಗೆ ಹೇಗೆ ಹೇಳುವುದು ಎಂದು ವಾಕ್ಯ ಜೋಡಿಸುತ್ತಾ ಮೂರನೆಯ ಕೋಣೆಗೆ ಕಾಲಿಟ್ಟ. ಅಲ್ಲಿ ಏನೂ ಇರಲಿಲ್ಲ. ಏನೂ ಇಲ್ಲದ ಕತ್ತಲೆ, ಒದ್ದೆ ಗೋಣಿಯ ವಾಸನೆ. ಇನ್ನೇನು ಮೋಟರ್ ಎಂದು ಹೇಳಬೇಕು, ಆಗ ಕಿವಿಯ ಹತ್ತಿರ ಯಾರೋ ಬಿಸಿಯಾಗಿ ಉಸಿರು ಬಿಟ್ಟರು. ತಣ್ಣಗಿನ ಕೂದಲು ಕುತ್ತಿಗೆಯ ಮೇಲೆ ಹರಿಯಿತು. ಒಂದು ಕೈ, ನಿಜವಾದ ಮನುಷ್ಯರ ಕೈ, ಅವನ ಹೆಗಲನ್ನು ಮೆಲ್ಲಗೆ ಒತ್ತಿತು.

ಮುಂದೆ ನಡೆದದ್ದು ಅವನಿಗೆ ತುಂಡುತುಂಡಾಗಿ ಮಾತ್ರ ನೆನಪು. "ಅವ್ವೋ" ಎಂದು ಯಾರೋ ಕೂಗಿದರು. ಅದು ವೇದಿಕೆಯ ಕನ್ನಡವಲ್ಲ, ಅವನ ಮನೆಮಾತು ಅರೆಭಾಷೆ. ಸುಳ್ಯದ ಮನೆಯ ಬಚ್ಚಲಿನಲ್ಲಿ ಹಾವು ಕಂಡು ತಾಯಿ ಕಮಲಾವತಿಯನ್ನು ಕೂಗಿದ ಆರು ವರ್ಷದ ಹುಡುಗನ ಸಪೂರ ಸ್ವರ. ಕಾಲಡಿಗೆ ಮೆತ್ತಗಿನ ಏನೋ ಸಿಕ್ಕಿತು, ತಗಡಿನ ಗೋಡೆಗೆ ಭುಜ ಬಡಿಯಿತು, ಪರದೆ ಮುಖಕ್ಕೆ ಸುತ್ತಿಕೊಂಡಿತು. ಮತ್ತೆ ಬೆಳಕು, ಹಾಡು, ಪಾಪ್‌ಕಾರ್ನಿನ ಪರಿಮಳ. ಹೊರಬಾಗಿಲ ಎದುರು ಸೆಲ್ಫಿ ತೆಗೆಯುತ್ತಿದ್ದ ಅವನ ಹತ್ತನೆಯ ತರಗತಿಯ ಹುಡುಗಿಯರು ಮೊಬೈಲು ಹಿಡಿದ ಹಾಗೆಯೇ ತಿರುಗಿ, ಅಭ್ಯಾಸಬಲದಿಂದ "ನಮಸ್ತೇ ಸರ್" ಎಂದರು. ಅವನೂ ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದ. ಆಗ ಅವನಿಗೆ ಕಂಡಿತು: ಎರಡೂ ಕೈ ಖಾಲಿ.

ಈಗ ಬರುತ್ತಾಳೆ ಎಂದು ಪರದೆಯನ್ನೇ ನೋಡುತ್ತಾ ನಿಂತ. ಪರದೆ ಸರಿದಾಗಲೆಲ್ಲ ಬೇರೆ ಯಾರೋ ನಗುತ್ತಾ ಬಂದರು. ಒಳಗೆ ಓಡಬೇಕಿತ್ತು. ಓಡಲಿಲ್ಲ. ಕಾಲು ಮುಂದೆ ಹೋಗಲಿಲ್ಲ ಎಂದರೆ ಅದು ಬರೀ ಮಾತು, ಕಾಲಿಗೆ ಏನೂ ಆಗಿರಲಿಲ್ಲ. ಆ ಹುಡುಗಿಯರ ಎದುರು ಮತ್ತೆ ಒಳಗೆ ಹೋಗಿ ಮತ್ತೆ ಹಾಗೆಯೇ ಕೂಗಿದರೆ ಎಂಬ ಯೋಚನೆ ಮಗುವಿನ ಯೋಚನೆಗಿಂತ ಒಂದು ಕ್ಷಣ ಮೊದಲು ಬಂದಿತ್ತು. ಆ ಒಂದು ಕ್ಷಣವನ್ನು ತಾನು ಕಂಡೆ, ಇನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲ ಎಂದುಕೊಂಡ. ಕೊನೆಗೆ ಒಳಹೋಗುವ ಬಾಗಿಲಿನತ್ತ ಓಡಿ ಗಾರ್ಡಿಗೆ ಹೇಳಿದ. ಗಾರ್ಡ್ ಟಾರ್ಚ್ ಹಿಡಿದು ಒಳಗೆ ಹೋದ. ಅವನ ಬೆನ್ನಿಗೆ ಅಂಟಿಕೊಂಡು ಜಯಪ್ರಕಾಶನೂ ಹೋದ. ತೊಟ್ಟಿಲು ತೂಗುತ್ತಿತ್ತು, ಪೆಟ್ಟಿಗೆ ತೆರೆಯುತ್ತಿತ್ತು. ಮೂರನೆಯ ಕೋಣೆಯಲ್ಲಿ ಯಾರೂ ಇರಲಿಲ್ಲ, ಪ್ರೇತವೂ. "ಒಳಗೆ ಮಕ್ಕಳು ಯಾರೂ ಇಲ್ಲ ಸರ್," ಎಂದ ಗಾರ್ಡ್.

ಹೊರಗೆ ಬಂದರೆ ಕೌಶಲ್ ನಿಂತಿದ್ದ. ಕೊಲಂಬಸಿನ ಗಾಳಿಗೆ ಕೂದಲು ಮೇಲೆದ್ದಿತ್ತು, ಮುಖದಲ್ಲಿ ಅಪರೂಪದ ಬೆಳಕಿತ್ತು. "ಪ್ರೀತಿ ಎಲ್ಲಿ?" ಎಂದ.

"ಒಳಗೆ... ಅಂದ್ರೆ ಒಳಗೆ ಇಲ್ಲ. ಈಗ ಬರ್ತಾಳೆ."

"ಒಟ್ಟಿಗೆ ಹೋದದ್ದಲ್ವಾ?"

"ಹೌದು. ನಾನು ಸ್ವಲ್ಪ ಮೊದಲು ಬಂದೆ."

ಎಷ್ಟು ಶುದ್ಧವಾದ ವಾಕ್ಯ! ಕರ್ತೃ, ಕ್ರಿಯಾಪದ ಎಲ್ಲ ಸರಿಯಾಗಿದೆ, ತಪ್ಪು ಹುಡುಕಿದರೂ ಸಿಕ್ಕದು. ಹುಡುಗ ಆ ವಾಕ್ಯವನ್ನು ಬಿಡಿಸಿ ನೋಡುತ್ತಿದ್ದಾನೆ ಎಂದು ಜಯಪ್ರಕಾಶನಿಗೆ ಗೊತ್ತಾಗುತ್ತಿತ್ತು. ಮುಖದ ಬೆಳಕು ಆರಿತು. "ನೀವು ಅವಳ ಕೈ ಬಿಟ್ರಾ?" ಎಂದು ಕೇಳಿದ ಕೌಶಲ್. ಗೋಡೆಗಲ್ಲ, ಡೈನೋಸಾರಿಗಲ್ಲ, ನೇರವಾಗಿ ಅವನ ಕಣ್ಣಿಗೆ.

"ಬಿಟ್ಟೆ," ಎಂದ ಜಯಪ್ರಕಾಶ.

ಹುಡುಗ "ಪ್ರೀತೀ" ಎಂದು ಕೂಗುತ್ತಾ ಓಡಿದ. ಜಯಪ್ರಕಾಶ ಅವನ ಹಿಂದೆ ಓಡಿದ. ಜೈಂಟ್ ವ್ಹೀಲಿನ ಕೆಳಗೆ, ಚರುಮುರಿಯ ಗಾಡಿಯ ಹಿಂದೆ, ಹೆಂಗಸರ ಟಾಯ್ಲೆಟ್ಟಿನ ಬಾಗಿಲಲ್ಲಿ ಎಲ್ಲ ನೋಡಿದರು. ಕೋರೆಯ ತಳದಲ್ಲಿ ನೀರು ನಿಲ್ಲಿಸಿ ಮಾಡಿದ ದೋಣಿಯ ಕೊಳದ ಹತ್ತಿರ ಬಂದಾಗ ಇಬ್ಬರೂ ಒಟ್ಟಿಗೆ ನಿಂತುಬಿಟ್ಟರು. ನೀಲಿ ಲೈಟಿನಡಿ ನೀರು ಅಲ್ಲಾಡದೆ ಮಲಗಿತ್ತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. "ಮೈಕಿನಲ್ಲಿ ಹೇಳಿಸುವ," ಎಂದ ಕೌಶಲ್. ಮೈಕಿನ ಯೋಚನೆ ತನಗೆ, ಜಯಪ್ರಕಾಶ್ ಮಾಷ್ಟ್ರಿಗೆ, ಬಂದೇ ಇರಲಿಲ್ಲ.

ಮೈಕಿನ ಗೂಡಿನಲ್ಲಿದ್ದವನು ಕುಂಞಿ ಮೋನು ಎಂಬ ನಡುವಯಸ್ಸಿನ ಮನುಷ್ಯ. ಹಾಡು ಹಾಕುವುದು, ಕಳೆದುಹೋದ ಚಪ್ಪಲಿ, ಮೊಬೈಲು, ಮಕ್ಕಳ ಬಗ್ಗೆ ಹೇಳುವುದು ಅವನ ಕೆಲಸ. ಜಯಪ್ರಕಾಶನನ್ನು ಕಂಡು ಮುಖ ಅರಳಿಸಿದ. "ಹೋ, ಮಾಷ್ಟ್ರು! ಕಬಕದಲ್ಲಿ ಆ ಸನ್ಮಾನದ ದಿವಸ ನಿಮ್ಮ ನಿರೂಪಣೆ ಕೇಳಿದ್ದೆ. ಎಂಥ ಸ್ವರ ಮಾರಾಯ್ರೆ ನಿಮ್ಮದು!" ವಿಷಯ ತಿಳಿದ ಮೇಲೆ ಹಾಡು ನಿಲ್ಲಿಸಿದ. "ಹೆದರ್ಬೇಡಿ, ಸಿಕ್ತಾಳೆ. ಮಗುವಿನ ಹೆಸರು?" "ಪ್ರೀತಿಕಾ." "ಬಟ್ಟೆ?" "ಹಳದಿ ಫ್ರಾಕ್," ಎಂದ ಕೌಶಲ್. ಬಣ್ಣ ತನಗೆ ನೆನಪಿರಲಿಲ್ಲ ಎಂದು ಜಯಪ್ರಕಾಶ ಗುರುತು ಹಾಕಿಕೊಂಡ. "ಅಪ್ಪನ ಹೆಸರು?"

"ದೇವದಾಸ," ಎಂದ ಕೌಶಲ್.

ಕುಂಞಿ ಮೋನು ಒಮ್ಮೆ ಹುಡುಗನನ್ನು, ಒಮ್ಮೆ ಜಯಪ್ರಕಾಶನನ್ನು ನೋಡಿದ. "ಅಲ್ಲ, ನಿಮ್ಮ ಹೆಸರು..." ಎಂದು ಶುರು ಮಾಡಿ, ಅಲ್ಲಿ ಏನೋ ಇದೆ ಎಂದು ತಿಳಿದು ನಿಲ್ಲಿಸಿದ. ಮೈಕನ್ನು ಜಯಪ್ರಕಾಶನ ಕೈಗೆ ಕೊಟ್ಟು, "ನೀವೇ ಹೇಳಿ ಮಾಷ್ಟ್ರೇ. ಮಗುವಿಗೆ ಗುರ್ತದ ಸ್ವರ ಅಲ್ವಾ?" ಎಂದ.

"ಆತ್ಮೀಯರೇ," ಎಂದು ಆ ಪ್ರಸಿದ್ಧ ಸ್ವರ ಕೋರೆಯ ನಾಲ್ಕು ಗೋಡೆಗೆ ಹೊಡೆದು ಮರಳಿ ಬಂತು. ನಿಂತಿತು. ಎಲ್ಲ ಕಡೆ ಹೇಳುವ ವಾಕ್ಯ ಒಂದುಂಟು: ನಿನ್ನ ತಂದೆಯವರು ಇಲ್ಲಿ ಕಾಯುತ್ತಿದ್ದಾರೆ, ಎಲ್ಲಿದ್ದರೂ ಬರಬೇಕು. ಅದನ್ನು ಕೇಳಿದರೆ ಅವಳ ಮನಸ್ಸಿಗೆ ಯಾರು ಬರುತ್ತಾರೆ? ಬೈಕಿನ ಮೇಲೆ ನಗುವವನು ಬರುತ್ತಾನೆ. ಅಷ್ಟು ಸಣ್ಣ ಹುಡುಗಿ ಈ ಬೆಳಕು ಕತ್ತಲೆಗಳ ನಡುವೆ ಆ ಫೋಟೋವನ್ನು ನಂಬಿ ಓಡಿಬಂದು, ಇಲ್ಲಿ ತನ್ನನ್ನು ಕಂಡರೆ? ಜಯಪ್ರಕಾಶ ಕಾಯುತ್ತಿದ್ದಾರೆ ಎನ್ನಲೇ? ಆ ಹೆಸರನ್ನು ಅವಳು ಒಂದು ಸಲವೂ ಹೇಳಿದ್ದಿಲ್ಲ. ಹೇಮಶ್ರೀಗೂ ಅವನು "ಇವರು" ಅಷ್ಟೆ. ಕೆಳಗೆ ಜನ ತಲೆ ಎತ್ತಿ ಗೂಡಿನತ್ತ ನೋಡುತ್ತಿದ್ದರು. ಹಾಡಿಲ್ಲದ ಪಾರ್ಕಿನಲ್ಲಿ ಡೈನೋಸಾರಿನ ಕಟಕ್ ಮಾತ್ರ ಕೇಳುತ್ತಿತ್ತು. ಇಷ್ಟು ಹೊತ್ತು ಮೈಕು ಹಿಡಿದು ಅವನು ಸುಮ್ಮನೆ ನಿಂತದ್ದು ಇದೇ ಮೊದಲು.

"ಪ್ರೀತಿ," ಎಂದ. ಸ್ವರ ಬೇರೆ ಯಾರದೋ ಆಗಿತ್ತು. "ಹಾರರ್ ಹೌಸಿನಲ್ಲಿ ನಿನ್ನ ಕೈ ಬಿಟ್ಟು ಓಡಿದವರು... ಓಡಿದವರು ಇಲ್ಲಿ ಮೈಕಿನ ಹತ್ತಿರ ಇದ್ದಾರೆ. ಹೆದರಿ ಓಡಿದ್ದು. ತಪ್ಪಾಯ್ತು. ಅಣ್ಣನೂ ಇಲ್ಲಿಯೇ ಇದ್ದಾನೆ. ನೀನು ಎಲ್ಲಿ ಉಂಟೋ ಅಲ್ಲಿಯೇ ನಿಂತು ಯಾರಿಗಾದರೂ ಹೇಳು. ಅಥವಾ ಬಾ. ಬೇಗ ಬಾ."

ಮೊದಲು ಯಾರೋ ಒಬ್ಬರು ನಕ್ಕರು. ನಗು ಚರುಮುರಿ ಗಾಡಿಯಿಂದ ಕೊಲಂಬಸಿನ ಸಾಲಿಗೆ, ಅಲ್ಲಿಂದ ಜೈಂಟ್ ವ್ಹೀಲಿನವರೆಗೆ ಹೋಯಿತು. ಒಬ್ಬ ಸಿಳ್ಳೆ ಹಾಕಿದ. ಹತ್ತನೆಯ ತರಗತಿಯ ಹುಡುಗಿಯರ ಮೊಬೈಲುಗಳು ಮೇಲೆದ್ದವು. ಜಯಪ್ರಕಾಶ ಅದೇ ಮಾತನ್ನು, ಹಳದಿ ಫ್ರಾಕಿನ ಗುರುತನ್ನೂ ಸೇರಿಸಿ, ಇನ್ನೊಮ್ಮೆ ಹೇಳಿದ. ಮೂರನೆಯ ಸಲ ಹೇಳುವಾಗ ನಗು ನಿಂತಿತ್ತು. ಜನ ತಮ್ಮ ತಮ್ಮ ಮಕ್ಕಳನ್ನು ಹತ್ತಿರ ಎಳೆದುಕೊಂಡು, ಅಕ್ಕಪಕ್ಕದಲ್ಲಿ ಹಳದಿ ಫ್ರಾಕನ್ನು ಹುಡುಕತೊಡಗಿದ್ದರು. ಹಿಂದೆ ಕೌಶಲ್ ಗೂಡಿನ ಕಟಕಟೆ ಹಿಡಿದು ಕತ್ತು ನೀಡಿ ನಿಂತಿದ್ದ. "ಅಲ್ಲಿ!" ಎಂದು ಕಿರುಚಿದ ಅವನು.

ಕೊಳದ ಆಚೆಯಿಂದ ಒಂದು ಪ್ರೇತ ಬರುತ್ತಿತ್ತು. ಕಪ್ಪು ನಿಲುವಂಗಿಯನ್ನು ಮೊಣಕಾಲಿನವರೆಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು, ಉದ್ದ ಕೂದಲಿನ ವಿಗ್ಗನ್ನು ಕಂಕುಳಲ್ಲಿ ಇಟ್ಟುಕೊಂಡು, ಸ್ವಲ್ಪ ಕುಂಟುತ್ತಾ. ಅದರ ಇನ್ನೊಂದು ಕೈಯಲ್ಲಿ ಪ್ರೀತಿಕಾ. ಹತ್ತಿರ ಬಂದಾಗ ಬಿಳಿ ಬಣ್ಣದ ಕೆಳಗೆ ಐವತ್ತು ದಾಟಿದ ಹೆಂಗಸಿನ ಮುಖ ಕಂಡಿತು. "ಮೈಕಿನಲ್ಲಿ ಹೇಳಿದ್ದು ನೀವಾ?" ಎಂದಳು. "ನಾನು ಸುಂದರಿ, ಒಳಗಿನ ಪ್ರೇತ. ನೀವು ಓಡುವಾಗ ನನ್ನ ಕಾಲು ಮೆಟ್ಟಿದ್ರಿ ಮಾರಾಯ್ರೆ."

"ಕ್ಷಮಿಸಿ," ಎಂದ ಜಯಪ್ರಕಾಶ.

"ಅದು ಇರ್ಲಿ. ಈಗಿನವರು ಯಾರೂ ಹೆದರುದೇ ಇಲ್ಲ. ನನ್ನ ಹೆಗಲಿಗೆ ಕೈ ಹಾಕಿ ಫೋಟೋ ತೆಗೀತಾರೆ. ಒಬ್ರಾದರೂ ಹೆದರಿದ್ರಲ್ಲ ಅಂತ ಖುಷಿ ಆಯ್ತು ನನಗೆ." ಮತ್ತೆ ಸ್ವರ ತಗ್ಗಿಸಿ, "ಈ ಹುಡುಗಿ ಹೊರಗೆ ಬರ್ಲಿಕ್ಕೆ ಕೇಳ್ಲೇ ಇಲ್ಲ. ನಿಮ್ಮನ್ನು ಹುಡುಕದೆ ಬರುದಿಲ್ಲ ಅಂತ ಹಠ. ಕೊನೆಗೆ ಹಿಂದಿನ ಬಾಗಿಲಿನಿಂದ ಕರ್ಕೊಂಡು ಹೋಗಿ ಆಚೆ ಕಡೆ ಎಲ್ಲ ಹುಡುಕಿದೆವು," ಎಂದಳು.

ಪ್ರೀತಿಕಾಳ ಮುಖದಲ್ಲಿ ಅತ್ತ ಗುರುತು ಇರಲಿಲ್ಲ, ಸಿಟ್ಟಿತ್ತು. "ನಿಮ್ಮನ್ನು ಅದು ಹಿಡ್ಕೊಂಡು ಹೋಯ್ತು ಅಂತ ಗ್ರಹಿಸಿದೆ," ಎಂದಳು. "ಎಲ್ಲಾ ಕೋಣೆಯಲ್ಲಿ ನೋಡಿದೆ. ಆ ಪೆಟ್ಟಿಗೆಯ ಒಳಗೂ ಕೈ ಹಾಕಿ ನೋಡಿದೆ. ಎಲ್ಲಿ ಹೋದದ್ದು?"

ಜಯಪ್ರಕಾಶ ಗೂಡಿನ ಮೆಟ್ಟಿಲ ಮೇಲೆ ಕುಳಿತುಬಿಟ್ಟ. ಈ ಸಲ ಮಲಗಿದ ಮೇಲೂ ಉತ್ತರ ಹೊಳೆಯುವುದಿಲ್ಲ ಎಂದು ಅವನಿಗೆ ಗೊತ್ತಿತ್ತು. ತಾನು ಸೆಲ್ಫಿಯ ಹುಡುಗಿಯರಿಗೆ ನಮಸ್ಕಾರ ಮಾಡುತ್ತಿದ್ದಾಗ, ಪರದೆಯ ಆಚೆಗೆ ಈ ಸಣ್ಣ ಕೈ ಶವದ ಪೆಟ್ಟಿಗೆಯೊಳಗೆ ತನಗಾಗಿ ತಡಕಾಡುತ್ತಿತ್ತು. ಕುಂಞಿ ಮೋನು ನೀರಿನ ಬಾಟಲಿ ತಂದುಕೊಟ್ಟ. ಜಯಪ್ರಕಾಶ ಕುಡಿಯುತ್ತಾನೆ ಎಂದು ಎಲ್ಲರೂ ಕಾದರು. ಅರ್ಧ ನೀರು ಅಂಗಿಯ ಮೇಲೆ ಹೋಯಿತು.

ಮನೆಗೆ ಹೋಗುವ ಮೊದಲು ಆಸ್ಪತ್ರೆಯ ಗೇಟಿನಲ್ಲಿ ಕಾರು ನಿಲ್ಲಿಸಿದ. ಫೋನಿನಲ್ಲಿ ಹೇಳುವುದಕ್ಕಿಂತ ಎದುರು ನಿಂತು ಹೇಳುವುದು ಒಳ್ಳೆಯದು ಎಂದು ದಾರಿಯುದ್ದಕ್ಕೂ ವಾಕ್ಯಗಳನ್ನು ಸಿದ್ಧ ಮಾಡಿದ್ದ. ಹೇಮಶ್ರೀ ನರ್ಸಿನ ಬಿಳಿ ಕೋಟಿನಲ್ಲಿ ಮೆಟ್ಟಿಲಿಳಿದು ಬಂದಳು. ಅವಳ ಮುಖ ನೋಡಿದ ಕೂಡಲೇ ಅವನಿಗೆ ಗೊತ್ತಾಯಿತು. "ವಾರ್ಡಿನ ರಾಜೀವಿಯಕ್ಕನ ತಂಗಿಯ ಮಗಳು ನಿಮ್ಮ ಕ್ಲಾಸಂತೆ," ಎಂದಳು ಅವಳು. "ವಿಡಿಯೋ ಬಂತು. ಮೂರನೇ ಮಹಡಿಯಲ್ಲಿ ಎಲ್ಲರೂ ನೋಡಿ ಆಯ್ತು." ಹೇಳುವಾಗ ಅವಳ ಕೈ ಪ್ರೀತಿಕಾಳ ತಲೆ, ಕುತ್ತಿಗೆ, ತೋಳು ಎಲ್ಲ ಮುಟ್ಟಿ ಮುಟ್ಟಿ ನೋಡುತ್ತಿತ್ತು. ನಗುತ್ತಾಳೋ ಬೈಯುತ್ತಾಳೋ ತಿಳಿಯಲಿಲ್ಲ. ಅವಳ ಕಣ್ಣಿನ ಅಂಚು ಕೆಂಪಾಗಿತ್ತು.

"ಹೇಮಾ, ನಾನು..."

"ಅಮ್ಮ, ಇವರು ಕಳೆದುಹೋಗಿದ್ರು," ಎಂದಳು ಪ್ರೀತಿಕಾ. "ನಾನು ತುಂಬಾ ಹುಡುಕಿದೆ. ಮತ್ತೆ ಮೈಕಿನಲ್ಲಿ ಹೇಳಿದ್ರು, ಇಲ್ಲಿ ಉಂಟು ಅಂತ. ನಾನೂ ಸುಂದರಿಯಕ್ಕನೂ ಹೋಗಿ ಕರ್ಕೊಂಡು ಬಂದದ್ದು."

ಹೇಮಶ್ರೀ ಸಾಕ್ಷಿಗೆಂಬಂತೆ ಮಗನತ್ತ ನೋಡಿದಳು. ಜಯಪ್ರಕಾಶ ಕಾರಿನ ಬಾಗಿಲು ಹಿಡಿದುಕೊಂಡ. ಹುಡುಗ ಹೇಳಲಿ, ಎಲ್ಲ ಹೇಳಲಿ, ಹೇಳುವ ಹಕ್ಕು ಅವನಿಗೆ ಉಂಟು ಎಂದುಕೊಂಡ. ಕೌಶಲ್ ತನ್ನ ಚಪ್ಪಲಿ ನೋಡಿಕೊಂಡ. "ಹೌದು," ಎಂದ. "ಬಟ್ಟೆಯ ಬಣ್ಣ ನನಗೆ ನೆನಪಿತ್ತು. ಇಲ್ಲದಿದ್ರೆ ಇವರು ಸಿಕ್ತಾನೇ ಇರ್ಲಿಲ್ಲ."

ಅದು ತಮಾಷೆ ಎಂದು ಜಯಪ್ರಕಾಶನಿಗೆ ಹೊಳೆಯಲು ಹೊತ್ತು ಬೇಕಾಯಿತು. ಆ ಹೊತ್ತಿಗೆ ಹುಡುಗ ಕಾರಿನೊಳಗೆ ಕುಳಿತು ಕಿಟಕಿಯ ಗಾಜು ಏರಿಸಿಕೊಂಡಾಗಿತ್ತು. "ಓಡಿದೆ ಹೇಮಾ. ಮಗುವನ್ನು ಬಿಟ್ಟು ಓಡಿದೆ," ಎಂದ ಅವನು, ಸಿದ್ಧ ಮಾಡಿದ್ದ ವಾಕ್ಯಗಳೆಲ್ಲ ಮರೆತುಹೋಗಿ. ಅವಳು ಅವನ ಕೈ ಹಿಡಿದಳು. ಗೇಟಿನ ಲೈಟಿನಡಿ, ವಾಚ್‌ಮನ್ ಎದುರಿಗೇ. ಕ್ಷಮೆ ಎಂಬುದು ಹೀಗೆ, ಮಾತಿಲ್ಲದೆ ಬರುತ್ತದೆ ಎಂದು ಅವನೊಳಗಿನ ನಿರೂಪಕ ಆಗಲೇ ಶುರು ಮಾಡಿದ್ದ. ಆಮೇಲೆ ನೋಡಿದರೆ ಅವಳ ಎರಡು ಬೆರಳು ಅವನ ನಾಡಿಯ ಮೇಲಿದ್ದವು, ಕಣ್ಣು ಅವಳ ವಾಚಿನ ಮೇಲೆ.

"ಇನ್ನೂ ಓಡ್ತಾ ಉಂಟಲ್ಲ ಮಾರಾಯ್ರೆ," ಎಂದಳು ಹೇಮಶ್ರೀ. ವಾಚ್‌ಮನ್ ಬಂದು ಕಾರು ತೆಗೆಯಲು ಹೇಳುವವರೆಗೂ ಬೆರಳು ತೆಗೆಯಲಿಲ್ಲ.